ಬಣ್ಣ ಹಚ್ಚಿದವರು, ಬಣ್ಣ ಹೊತ್ತವರು

ಕನ್ನಡದಲ್ಲಿ ‘ಬಣ್ಣ ಹಚ್ಚುವುದು’ ಎಂದರೆ ವೇಷ ಕಟ್ಟಿ ರಂಗಕ್ಕೆ ಬರುವುದು. ಆ ಮಾತಿನಲ್ಲಿ ನಿಂದೆಯೇನೂ ಇಲ್ಲ. ನಮ್ಮ ಕಂಪೆನಿ ನಾಟಕಗಳಲ್ಲಿ ಗಂಡಸರೇ ಸ್ತ್ರೀಪಾತ್ರ ವಹಿಸಿದರು. ಯಕ್ಷಗಾನದಲ್ಲಿ ಹಗಲು ಗದ್ದೆ ಉತ್ತವನು ರಾತ್ರಿ ರಾವಣನಾಗುತ್ತಾನೆ. ಹೀಗಿರುವಾಗ ಹಾಲಿವುಡ್ಡಿನ ಬಿಳಿಯ ನಟ ಮುಖಕ್ಕೆ ಕಂದು ಬಳಿದುಕೊಂಡು ಭಾರತೀಯನಾದರೆ ತಪ್ಪೇನು ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಉತ್ತರ ಹುಡುಕಲು ನಮ್ಮ ಮೈಸೂರಿನವನೇ ಆದ ಸಾಬುವಿನ ಕಥೆಯೇ ಸಾಕು.

ಸಾಬು 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದವನು. ಮಹಾರಾಜರ ಆನೆಗಳ ಮಾವುತನ ಮಗ. ಕಿಪ್ಲಿಂಗನ ಕಥೆಯನ್ನು ಚಿತ್ರಿಸಲು ಬಂದ ಲಂಡನ್ನಿನ ತಂಡ ಅವನನ್ನು ಆರಿಸಿಕೊಂಡಿತು. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಆ ಚಿತ್ರದಲ್ಲಿ ಅವನ ತಂದೆಯಾಗಿ ನಟಿಸಿದವನು ಆಂಗ್ಲ ನಟ! ಮುಂದೆ ಸಾಬು ಅಮೆರಿಕಕ್ಕೆ ಹೋದ. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೌಗ್ಲಿ. ಆದರೆ ಮೌಗ್ಲಿಯ ತಾಯಿ ಅಮೆರಿಕದ ರೋಸ್‌ಮರಿ ಡಿಕ್ಯಾಂಪ್. ಬೇಟೆಗಾರ ಬಲದೇವ ಮಾಲ್ಟಾ ದೇಶದ ಜೋಸೆಫ್ ಕಲೀಯಾ. ಹಳ್ಳಿ ಭಾರತದ್ದು, ಕಾಡು ಕ್ಯಾಲಿಫೋರ್ನಿಯದ್ದು, ಮುಖ್ಯ ಪಾತ್ರಧಾರಿಗಳ ನಡುವೆ ಹುಟ್ಟಿನಿಂದ ಬಂದ ಮೈಬಣ್ಣ ಒಬ್ಬನದೇ. ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಚಿತ್ರಗಳಲ್ಲಿ ಜಾನ್ ಹಾಲ್ ನಾಯಕ, ಮರಿಯಾ ಮಾಂಟೆಜ್ ನಾಯಕಿ; ಸಾಬು ಅವರ ನಂಬುಗೆಯ ಜೊತೆಗಾರ.

ಇದಕ್ಕೆ ಲಿಖಿತ ಕಟ್ಟಳೆಯ ಬೆಂಬಲವೂ ಇತ್ತು. 1930ರಲ್ಲಿ ರಚಿತವಾಗಿ 1934ರಿಂದ ಬಿಗಿಯಾಗಿ ಜಾರಿಯಾದ ಚಿತ್ರನಿರ್ಮಾಣ ಸಂಹಿತೆ ಬಿಳಿಯರಿಗೂ ಕರಿಯರಿಗೂ ದಾಂಪತ್ಯ ಸಂಬಂಧ ತೋರಿಸುವುದನ್ನು ನಿಷೇಧಿಸಿತ್ತು. ಆ ವಿಧಿ ತೊಲಗಿದ್ದು 1956ರಲ್ಲಿ. ಅದರ ನೆರಳು ಏಷ್ಯದವರ ಮೇಲೂ ಬಿತ್ತು. ಚೀನೀ ರೈತರ ಕಥೆಯಾದ ‘ದಿ ಗುಡ್ ಅರ್ತ್’ (1937) ಚಿತ್ರದ ನಾಯಕ ಬಿಳಿಯನಾದ ಪಾಲ್ ಮುನಿ. ಹೆಸರಾಂತ ಚೀನೀ-ಅಮೆರಿಕನ್ ನಟಿ ಆನಾ ಮೇ ವಾಂಗ್‌ಗೆ ಅವನ ಹೆಂಡತಿಯ ಪಾತ್ರ ಸಿಗಲಿಲ್ಲ. ಅದು ಲೂಯಿಸ್ ರೈನರ್ ಪಾಲಾಯಿತು. ಆಸ್ಕರ್ ಪ್ರಶಸ್ತಿಯನ್ನೂ ತಂದಿತು. ದಾಸಿಯ ಪಾತ್ರಕ್ಕೆ 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕರಿಯ ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್ ಆ ಸಮಾರಂಭದಲ್ಲಿ ಕುಳಿತದ್ದು ಬೇರೆಯದೇ ಮೇಜಿನ ಬಳಿ. ಪಂಕ್ತಿಭೇದವನ್ನು ಕಂಡು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು: ವೇಷ ತಪ್ಪಲ್ಲ, ಆದರೆ ಅಲ್ಲಿ ವೇಷದ ಹಕ್ಕು ಒಂದೇ ಕಡೆಗಿತ್ತು. ಬಿಳಿಯನು ಯಾರು ಬೇಕಾದರೂ ಆಗಬಲ್ಲ. ಉಳಿದವರು ತಾವಾಗುವುದಕ್ಕೂ ಅಪ್ಪಣೆ ಬೇಕು.

ತೆರೆಯ ಹೊರಗೆ ಸಾಬು ಬೇರೆಯೇ ಮನುಷ್ಯ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತ್ತು. ಕಾನೂನು ಸಡಿಲವಾದದ್ದು 1946ರಲ್ಲಿ. ಸಾಬು 1944ರಲ್ಲಿಯೇ ಪೌರನಾದ. ವಾಯುಸೇನೆ ಸೇರಿ, ಪೆಸಿಫಿಕ್ ರಣರಂಗದಲ್ಲಿ ಬಾಂಬರ್ ವಿಮಾನದ ತೋಪುಗಾರನಾಗಿ ಹೋರಾಡಿ ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಪಡೆದ. ಯುದ್ಧ ಮುಗಿಸಿ ಬಂದವನಿಗೆ ಚಿತ್ರರಂಗ ಕೊಟ್ಟದ್ದು ಬಹುಮಟ್ಟಿಗೆ ಹಳೆಯ ಮುಂಡಾಸು, ಹಳೆಯ ಕಾಡು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 39 ವರ್ಷ. ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ಮರುವರ್ಷ ತೆರೆಗೆ ಬಂದಿತು. ಅದರಲ್ಲಿಯೂ ಅವನು ಮೃಗಗಳನ್ನು ಪಳಗಿಸುವ ಭಾರತೀಯನೇ.