ದೀಪ ಹೊತ್ತ ಸ್ಪ್ರೂಸ್

1923ರ ಡಿಸೆಂಬರ್ 24ರ ಸಂಜೆ ವಾಷಿಂಗ್ಟನ್ನಿನ ಶ್ವೇತಭವನದ ದಕ್ಷಿಣಕ್ಕಿರುವ ಎಲಿಪ್ಸ್ ಬಯಲಿನಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಗುಂಡಿ ಒತ್ತಿ ಮೊದಲ ರಾಷ್ಟ್ರೀಯ ಕ್ರಿಸ್‌ಮಸ್ ಮರದ ದೀಪ ಬೆಳಗಿಸಿದರು. ವರ್ಮಾಂಟಿನಲ್ಲಿ ಕಡಿದು ತಂದ 48 ಅಡಿಯ ಫರ್ ಮರ ಅದು. ಹಬ್ಬದೊಂದಿಗೆ ಅದರ ಕಥೆಯೂ ಮುಗಿಯಿತು.

ಮರುವರ್ಷ ಅಮೆರಿಕನ್ ಫಾರೆಸ್ಟ್ರಿ ಅಸೋಸಿಯೇಷನ್ ಜೀವಂತ ನಾರ್ವೆ ಸ್ಪ್ರೂಸ್ ಮರವೊಂದನ್ನು ಕೊಟ್ಟಿತು. ಕಡಿಯದೆ ಹಬ್ಬ ಮಾಡುವ ಈ ಯೋಚನೆ ನಿಜಕ್ಕೂ ದೊಡ್ಡದು; ಆದರೆ ಹಬ್ಬದ ಹೊರೆಯನ್ನೆಲ್ಲ ಹೊರಬೇಕಾದದ್ದು ಮರ. ಅಂದಿನ ಬಲ್ಬುಗಳ ಕಾವು, ಅಲಂಕಾರದ ಭಾರ ತಾಳದೆ ಅದು ಸೊರಗಿತು. 1929ರಲ್ಲಿ ಬೇರೆ ಮರ ನೆಟ್ಟರು. 1934ರಲ್ಲಿ ಲಾಫಯೆಟ್ ಉದ್ಯಾನಕ್ಕೆ ಜಾಗ ಬದಲಾದಾಗ ಎರಡು ಫರ್ ಮರಗಳನ್ನು ತಂದು, ಒಂದು ವರ್ಷ ಒಂದಕ್ಕೆ ದೀಪ, ಇನ್ನೊಂದಕ್ಕೆ ಬಿಡುವು ಎಂದು ಗೊತ್ತುಮಾಡಿದರು. ಮರಕ್ಕೂ ಚೇತರಿಸಿಕೊಳ್ಳಲು ಕಾಲ ಬೇಕೆಂದು ಒಪ್ಪಿಕೊಂಡ ಏರ್ಪಾಡು ಅದು.

1954ರಿಂದ ಮತ್ತೆ ಕಡಿದ ಮರಗಳ ಕಾಲ. 1973ರಲ್ಲಿ ಜೀವಂತ ಮರ ಮರಳಿತು. ಈ ಬಾರಿ ಕೊಲೊರಾಡೊ ನೀಲಿ ಸ್ಪ್ರೂಸ್. ರಾಕಿ ಪರ್ವತಗಳ ಹೊಳೆದಂಡೆಗಳಲ್ಲಿ, ತಂಪಿನಲ್ಲಿ ಬೆಳೆಯುವ ಜಾತಿ. ಅದರ ಒಂದು ಎಲೆ ಕಿತ್ತು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಅಂಚು ಕೈಗೆ ಸಿಗುತ್ತವೆ, ತುದಿ ಚುಚ್ಚುತ್ತದೆ. ಎಲೆಯ ಮೇಲಿನ ಮೇಣದ ಪದರವೇ ನೀಲಿ ಛಾಯೆಗೆ ಕಾರಣ. ಉಜ್ಜಿದರೆ ಒಳಗಿನ ಹಸಿರು ಕಾಣುತ್ತದೆ.

ದೊಡ್ಡ ಸ್ಪ್ರೂಸ್ ಕಿತ್ತು ಬೇರೆಡೆ ನೆಡುವುದು ಎದೆಗಾರಿಕೆಯ ಕೆಲಸ. ಬೇರುಗಳು ಆಳಕ್ಕಿಂತ ಅಗಲಕ್ಕೆ ಹರಡಿರುತ್ತವೆ. ಎಷ್ಟೇ ದೊಡ್ಡ ಮಣ್ಣುಗಡ್ಡೆ ಸಮೇತ ಎತ್ತಿದರೂ ಬಹುಪಾಲು ಬೇರು ಹಳೆಯ ನೆಲದಲ್ಲೇ ತುಂಡಾಗಿ ಉಳಿಯುತ್ತದೆ, ಎಲೆಗಳಿಗೆ ಬೇಕಾದ ನೀರು ಮಾತ್ರ ಕಡಿಮೆಯಾಗುವುದಿಲ್ಲ. ಆದ್ದರಿಂದ ಮೊದಲಿದ್ದ ಮಟ್ಟಕ್ಕಿಂತ ಆಳ ನೆಡಬಾರದು, ಕೆಲವು ವರ್ಷ ನೀರು ತಪ್ಪಿಸಬಾರದು, ಬುಡದ ಮಣ್ಣು ತುಳಿದು ಗಟ್ಟಿಯಾಗಲು ಬಿಡಬಾರದು. ಕೆಳಗಿನ ಕೊಂಬೆ ಒಮ್ಮೆ ಬರಡಾದರೆ ಅಲ್ಲಿ ಮತ್ತೆ ಚಿಗುರದು. ಅಂದದ ಮರಕ್ಕೆ ಇದು ದೊಡ್ಡ ನಷ್ಟ.

1973ರ ಮರ ಬಾಳಲಿಲ್ಲ; 1978ರಲ್ಲಿ ಪೆನ್ಸಿಲ್ವೇನಿಯಾದ ಯಾರ್ಕ್‌ನಿಂದ ಬಂದ ನೀಲಿ ಸ್ಪ್ರೂಸ್ ಮಾತ್ರ ನೆಲ ಹಿಡಿಯಿತು. ಇರಾನಿನಲ್ಲಿ ಅಮೆರಿಕನ್ನರು ಒತ್ತೆಯಾಳಾಗಿದ್ದ 1979ರಲ್ಲಿ ಅಧ್ಯಕ್ಷ ಕಾರ್ಟರ್ ಅದರ ತುದಿಯ ನಕ್ಷತ್ರವನ್ನಷ್ಟೇ ಬೆಳಗಿಸಿದರು. 33 ಕ್ರಿಸ್‌ಮಸ್ ಕಂಡ ಆ ಮರ 2011ರ ಫೆಬ್ರುವರಿ 19ರ ಬಿರುಗಾಳಿಗೆ ಮುರಿದು ಬಿತ್ತು.

ಮಾರ್ಚ್‌ನಲ್ಲೇ ನ್ಯೂಜೆರ್ಸಿಯಿಂದ ಬಂದ ಅದರ ಉತ್ತರಾಧಿಕಾರಿ ಮರುವರ್ಷವೇ ಒಣಗಿತು: ಜಾಗ ಬದಲಿಸಿದ ಆಘಾತ. ಮತ್ತೊಂದನ್ನು ವರ್ಜೀನಿಯಾದಿಂದ ತಂದು 2012ರ ಅಕ್ಟೋಬರ್ 27ರಂದು, ಸ್ಯಾಂಡಿ ಚಂಡಮಾರುತ ಅಪ್ಪಳಿಸುವ ಎರಡು ದಿನ ಮುಂಚೆ ನೆಟ್ಟರು. ಗಾಳಿಯನ್ನು ತಾಳಿಕೊಂಡ ಆ ಸ್ಪ್ರೂಸ್ 2018ರ ಹಬ್ಬದವರೆಗೂ ದೀಪ ಹೊತ್ತಿತು.