ಹಿತ್ತಲ ಬಾವಿಯೂ ಬೀದಿಯ ನಲ್ಲಿಯೂ

ಓಕಳಿಪುರದ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಒಂದು ಬಾವಿಯುಂಟು. ಅದನ್ನು ಮುಚ್ಚಿಸಬೇಕೆಂದು ಮನೆಯವರೂ ಕೂಡದೆಂದು ನಾನೂ ವಾದಿಸುತ್ತಲೇ ಬಂದಿದ್ದೇವೆ. ಅದೇ ವಾದ ಮೊನ್ನೆ ಕಾಲೇಜಿನ ಸಭೆಯಲ್ಲಿ ಬೇರೆ ವೇಷದಲ್ಲಿ ಎದುರಾಯಿತು. ಹಳೆಯ ಕಂಪ್ಯೂಟರುಗಳನ್ನು ತೆಗೆದು 'ವರ್ಚುಯಲ್ ಡೆಸ್ಕ್‌ಟಾಪ್' ಏರ್ಪಾಡು ಮಾಡಬಹುದೇ ಎಂಬುದು ಪ್ರಶ್ನೆ. ಮೇಜಿನ ಮೇಲೆ ತೆರೆ, ಕೀಲಿಮಣೆ, ಸಣ್ಣದೊಂದು ಪೆಟ್ಟಿಗೆ, ಇಷ್ಟೇ. ಕೆಲಸವೆಲ್ಲ ನಡೆಯುವುದು ದೂರದ ಸರ್ವರಿನಲ್ಲಿ. ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಿಂದಿನದನ್ನು ಬಲ್ಲವನಿಗೆ ಮುಂದಿನ ಲೆಕ್ಕ ಸ್ವಲ್ಪ ಸುಲಭ.

ಈ ಏರ್ಪಾಡಿನ ಮೂಲ ಹಳೆಯದು. 1961ರಲ್ಲಿ ಜಾನ್ ಮೆಕಾರ್ಥಿ ಎಂಬ ಅಮೆರಿಕದ ವಿದ್ವಾಂಸರು, ಟೆಲಿಫೋನಿನಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದೆಂದರು. 1972ರಲ್ಲಿ ಐ.ಬಿ.ಎಂ. ಹೊರತಂದ ವಿಎಂ/370, ಒಂದೇ ದೊಡ್ಡ ಯಂತ್ರವನ್ನು ಹಂಚಿಕೊಂಡವರಿಗೆ ತಮತಮಗೊಂದು ಯಂತ್ರವಿದ್ದಂತೆ ತೋರಿಸಿತು. 1981ರಲ್ಲಿ ಅದೇ ಸಂಸ್ಥೆಯ ಪಿ.ಸಿ. ಬಂದು, ಮನೆಗೊಂದು ಬಾವಿ ತೋಡಿದಂತಾಯಿತು. ಈಗ ಮತ್ತೆ ನಲ್ಲಿಯ ಕಾಲ.

ನಲ್ಲಿಯ ಉಪಕಾರ ಸಣ್ಣದಲ್ಲ. ದುರಸ್ತಿ ಒಂದೇ ಕಡೆ. ಮೇಜಿನ ಪೆಟ್ಟಿಗೆ ಕಳುವಾದರೂ ಕಡತ ಕಳುವಾಗದು. ಹಳೆಯ ಯಂತ್ರವೂ ಇನ್ನಷ್ಟು ಕಾಲ ಬಾಳುತ್ತದೆ. 2020ರಲ್ಲಿ ಊರೇ ಬಾಗಿಲು ಹಾಕಿದಾಗ, ಮನೆಯಿಂದಲೇ ಕಛೇರಿ ನಡೆಸಲು ಇಂಥ ಏರ್ಪಾಡು ಒದಗಿತು.

ಆದರೆ ಬೆಂಗಳೂರು ನಲ್ಲಿಯ ಮತ್ತೊಂದು ಮುಖವನ್ನೂ ಕಂಡಿದೆ. 1896ರಲ್ಲಿ ಹೆಸರಘಟ್ಟದ ನೀರು ಊರಿಗೆ ಬಂತು. 1925ರಲ್ಲಿ ಆ ಕೆರೆಯೇ ಬತ್ತಿತು. ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾದದ್ದು 1933ರಲ್ಲಿ. ಆ ನಡುವೆ ಹಿತ್ತಲಲ್ಲಿ ಬಾವಿಯಿದ್ದವರು ಪುಣ್ಯವಂತರೆನ್ನಬೇಕು. ಸರ್ವರಾಗಲಿ ಸಂಪರ್ಕದ ತಂತಿಯಾಗಲಿ ಕೆಟ್ಟರೆ ಎಲ್ಲ ಮೇಜುಗಳೂ ಒಟ್ಟಿಗೆ ಕುರುಡು. ನೀರಿನ ದರ ನಮ್ಮ ಕೈಯಲ್ಲಿಲ್ಲದಂತೆ ಲೈಸೆನ್ಸಿನ ದರವೂ ಇಲ್ಲ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡಿತು. ಮರುತಿಂಗಳೇ ಶಾಶ್ವತ ಲೈಸೆನ್ಸುಗಳ ಮಾರಾಟ ನಿಂತು, ಚಂದಾ ಪದ್ಧತಿ ಬಂದಿತು.

ಇವೆಲ್ಲ ಬರಿಯ ಅಂಕಿಗಳಲ್ಲ. ಹಿಂದೊಮ್ಮೆ ಶುಲ್ಕ ಕಟ್ಟುವ ಕಡೆಯ ದಿನ ಕಛೇರಿಯೊಂದರ ಸಂಪರ್ಕ ತಪ್ಪಿ, ಹಳ್ಳಿಯಿಂದ ಬಂದಿದ್ದ ನನ್ನ ಶಿಷ್ಯನೊಬ್ಬ ದುಡ್ಡು ಹಿಡಿದು ಸಂಜೆಯವರೆಗೆ ಕಿಟಕಿಯ ಮುಂದೆ ನಿಂತಿದ್ದ. ಆ ಸಂಜೆಯ ಬೆಲೆ ಯಾವ ಅಂದಾಜು ಪಟ್ಟಿಯಲ್ಲಿಯೂ ಇರುವುದಿಲ್ಲ.

ನಲ್ಲಿ ಬರಲಿ, ಪರೀಕ್ಷಾ ವಿಭಾಗದಲ್ಲಿ ಸ್ವತಂತ್ರವಾದ ನಾಲ್ಕು ಯಂತ್ರಗಳೂ ಅಂಕಪಟ್ಟಿಯ ಪ್ರತಿಯೊಂದೂ ಉಳಿಯಲಿ ಎಂದೆ. ಸಭೆ ಒಪ್ಪಿತು. ಮನೆಯಲ್ಲಿ ಮಾತ್ರ ವಾದ ಇನ್ನೂ ಮುಗಿದಿಲ್ಲ.