ವಾಣಿಜ್ಯ ಮುದ್ರಣದ ಪರಿಭಾಷೆ: ಬೀದರ್ ಸೀಮೆ

ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಚುನಾವಣೆಯ ಪೋಸ್ಟರ್ ಮುಂತಾದವನ್ನು ಮಾಡಿಸುವವರೂ ಪ್ರೆಸ್ಸಿನವರೂ ದರ ಗೊತ್ತುಮಾಡಿಕೊಳ್ಳುವಾಗ ಬಳಸುವ ಮಾತುಗಳ ಚರಿತ್ರೆ. ಒಂದೊಂದು ಯಂತ್ರದೊಡನೆ ಒಂದಷ್ಟು ಪದ ಬಂತು. ಯಂತ್ರ ಗುಜರಿಗೆ ಹೋದ ಮೇಲೂ ಪದ ಬಿಲ್ಲಿನಲ್ಲಿ ಉಳಿಯಿತು.

ಕನ್ನಡದ ಅಚ್ಚಿನ ಮೊಳೆಗಳು ಮೊದಲು ಕಾಣಿಸಿದ್ದು 1817ರಲ್ಲಿ ಶ್ರೀರಾಮಪುರದಲ್ಲಿ ಮುದ್ರಣವಾದ ವಿಲಿಯಂ ಕೇರಿಯ ವ್ಯಾಕರಣದಲ್ಲಿ. ಆದರೆ 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ ಮೊಳೆಯ ಕೂಸಲ್ಲ, ಕಲ್ಲಚ್ಚಿನದು. ಕಲ್ಲಚ್ಚಿಗೆ ಮೊಳೆ ಜೋಡಿಸುವವನು ಬೇಕಿಲ್ಲ, ಚೆನ್ನಾಗಿ ಬರೆಯುವವನಿದ್ದರೆ ಸಾಕು. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂದೆ ಆಡಳಿತಭಾಷೆಯಾದ ಉರ್ದುವಿನ ನಸ್ತಾಲೀಕ್ ಲಿಪಿ ಓರೆಯಾಗಿ ಇಳಿಯುವುದರಿಂದ ಸೀಸದ ಮೊಳೆಗೆ ಒಗ್ಗಲಿಲ್ಲ. ಹೀಗಾಗಿ ಉರ್ದು ಮುದ್ರಣ ಬಹುಕಾಲ ಕಲ್ಲನ್ನೇ ನೆಚ್ಚಿಕೊಂಡಿತು; ಅದಕ್ಕೆ ಕೈಬರಹ ಒದಗಿಸುತ್ತಿದ್ದವನು ಕಾತಿಬ್. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಗಿ ಬಂದ ಕಾಲ ಅದು. ಕನ್ನಡ ಜಾಬ್ ವರ್ಕಿಗೆ ಗಿರಾಕಿ ಎಷ್ಟು ಇದ್ದಾರು? 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿ, ಶಾಲೆಗಳಿಗೆ ಕನ್ನಡ ಕಾಗದಪತ್ರ ಬೇಕಾಯಿತು.

ಸಣ್ಣ ಕೆಲಸಗಳ ಯಂತ್ರ ಟ್ರೆಡಲ್. ಕಾಲಲ್ಲಿ ತುಳಿದು, ಒಂದೊಂದೇ ಹಾಳೆ ಕೊಟ್ಟು ಓಡಿಸುವುದು. ಕಂಪೋಸಿಂಗ್, ಗ್ಯಾಲಿ, ಚಿತ್ರದ ಬ್ಲಾಕ್, ಕರಡು ತಿದ್ದುವುದು ಎಲ್ಲ ಈ ಕಾಲದ ಮಾತು. ಪುಸ್ತಕ ಮಾಡಿಸುವವರಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಫಾರಂ. 17.5 × 22.5 ಇಂಚಿನ ಡೆಮಿ ಹಾಳೆಯನ್ನು ಎಂಟು ಎಲೆಯಾಗಿ ಮಡಚಿದರೆ 16 ಪುಟ, ಅದೇ ಡೆಮಿ 1/8ರ ಒಂದು ಫಾರಂ. 160 ಪುಟದ ಪುಸ್ತಕ ಸರಿಯಾಗಿ ಹತ್ತು ಫಾರಂ. 165 ಆಯಿತೋ, ಆ ಐದು ಪುಟಕ್ಕಾಗಿ ಮತ್ತೊಂದು ಅರ್ಧ ಫಾರಮ್ಮಿನ ಖರ್ಚು. ಮುನ್ನುಡಿ ಉದ್ದವಾಯಿತೆಂದು ಪ್ರೆಸ್ಸಿನವರು ಗೊಣಗಿದರೆ ಅದು ಸಾಹಿತ್ಯ ವಿಮರ್ಶೆಯಲ್ಲ.

ಆಫ್‌ಸೆಟ್ ಬಂದಾಗ ಸೀಸ ಹೋಗಿ ಕಲ್ಲಚ್ಚಿನ ತತ್ತ್ವವೇ ತಿರುಗಿ ಬಂತು: ಎಣ್ಣೆಯ ಶಾಯಿ ನೀರಿಗೆ ಸೇರದು. ಕಲ್ಲಿನ ಜಾಗದಲ್ಲಿ ಈಗ ಅಲ್ಯೂಮಿನಿಯಂ ಪ್ಲೇಟ್, ಬಣ್ಣಕ್ಕೊಂದರಂತೆ. ಕಮಠಾಣದ ಒಂದು ಸಂಘ ಬೀದರಿನಲ್ಲಿ ನಾಲ್ಕು ಬಣ್ಣದ ಹ್ಯಾಂಡ್‌ಬಿಲ್ ಮಾಡಿಸುತ್ತದೆ ಎನ್ನಿ. ಐನೂರು ಪ್ರತಿಗೂ ನಾಲ್ಕು ಪ್ಲೇಟ್, ಸಾವಿರಕ್ಕೂ ನಾಲ್ಕೇ. ಹೆಚ್ಚುವುದು ಮುಖ್ಯವಾಗಿ ಕಾಗದದ ಹಣ. ‘ಅರ್ಧ ಮಾಡಿದರೆ ಅರ್ಧ ದುಡ್ಡು’ ಎಂಬ ಲೆಕ್ಕ ಇಲ್ಲಿ ನಡೆಯದು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದೆ ಅಂಚು ಎರಡೆರಡಾಗಿ ಕಂಡರೆ ‘ರಿಜಿಸ್ಟರ್ ತಪ್ಪಿದೆ’ ಎನ್ನುತ್ತಾರೆ. ಕಾಗದವನ್ನು ಕೇಳುವುದು ಜಿಎಸ್ಎಂನಲ್ಲಿ, ಅಂದರೆ ಒಂದು ಚದರ ಮೀಟರಿನ ತೂಕ ಇಷ್ಟು ಗ್ರಾಂ ಎಂದು. ಲೆಟರ್‌ಹೆಡ್ಡಿಗೆ 80 ಸಾಕು, ದಪ್ಪ ಕಾರ್ಡಿಗೆ 300 ಬೇಕು. ಇದು ತೂಕದ ಅಳತೆಯೇ ಹೊರತು ಗುಣದ್ದಲ್ಲ.

ಅಕ್ಷರ ಜೋಡಣೆ ಡಿಟಿಪಿಗೆ ಬಂದಾಗ ಶ್ರೀಲಿಪಿ, ಬರಹ, ನುಡಿ ಎಂಬ ಹೆಸರುಗಳೂ ಗಿರಾಕಿಯ ಬಾಯಿಗೆ ಬಂದವು. ಮನೆಯಲ್ಲಿ ಒಂದು ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಅಂಗಡಿಯಲ್ಲಿ ತೆರೆದರೆ ಗೋಜಲು. ಪಿಡಿಎಫ್ ಕೊಡಿ ಎನ್ನುವುದು ಅದಕ್ಕೇ.

ಫ್ಲೆಕ್ಸ್ ಲೆಕ್ಕ ಚದರ ಅಡಿಯಲ್ಲಿ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿತಾದರೂ ಪದಕ್ಕೆ ಏನೂ ಆಗಲಿಲ್ಲ. ಬಟ್ಟೆಯ ಬ್ಯಾನರನ್ನೂ ಜನ ಫ್ಲೆಕ್ಸ್ ಎಂದುಬಿಡುತ್ತಾರೆ.

ಚುನಾವಣೆಯ ಕರಪತ್ರ, ಪೋಸ್ಟರುಗಳಲ್ಲಿ ಮಾತ್ರ ಕಾನೂನೇ ಎರಡು ಪದಗಳನ್ನು ಕಡ್ಡಾಯ ಮಾಡಿದೆ: ಮುದ್ರಕರು, ಪ್ರಕಾಶಕರು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಇಬ್ಬರ ಹೆಸರು, ವಿಳಾಸ ಮುಖದ ಮೇಲಿರಬೇಕು. ಮಾಡಿಸುವವರು ತಮ್ಮ ಗುರುತಿನ ಘೋಷಣೆಯನ್ನು ಎರಡು ಪ್ರತಿಯಲ್ಲಿ ಪ್ರೆಸ್ಸಿಗೆ ಒಪ್ಪಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.